ಟ್ರಂಕಿನೊಳಗಿನ ಬಿಲ್ಲೆಗಳು

ಇಪ್ಪತ್ತು ವರ್ಷಗಳ ಹಿಂದಿನ ಮಾತು. ಕಾರಹುಣ್ಣಿಮೆಯ ದಿನ ಹಳಿಯಾಳ ತಾಲೂಕಿನ ಒಂದು ಹಳ್ಳಿಯಲ್ಲಿ ಎತ್ತುಗಳ ಮೆರವಣಿಗೆ ನೋಡುತ್ತ ನಿಂತಿದ್ದೆ. ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಹಣೆಗೆ ಹಣೆಪಟ್ಟಿ. ಒಂದು ಎತ್ತಿನ ಹಣೆಪಟ್ಟಿಯ ನಡುವೆ ರೂಪಾಯಿಗಿಂತ ದೊಡ್ಡದಾದ ಕಂಚಿನ ಬಿಲ್ಲೆಯೊಂದು ತೂಗಾಡುತ್ತಿತ್ತು. ಹತ್ತಿರ ಹೋಗಿ ನೋಡಿದರೆ ರೆಕ್ಕೆ ಬಿಚ್ಚಿ ನಿಂತ ಒಬ್ಬ ದೇವತೆ! ನಮ್ಮ ಯಾವ ದೇವತೆಗೂ ಅಂಥ ರೆಕ್ಕೆಗಳಿಲ್ಲ. ಹುಡುಗನನ್ನು ಕೇಳಿದೆ. “ಮುತ್ತಜ್ಜಂದು ಸರ್, ಲಡಾಯಿಗೆ ಹೋಗಿದ್ದನಂತೆ” ಎಂದ. ಯಾವ ಲಡಾಯಿ ಎಂದರೆ ಅವನಿಗೆ ಗೊತ್ತಿಲ್ಲ. ಅವನ ತಂದೆಗೂ ಗೊತ್ತಿಲ್ಲ.

ನಾನು ಕನ್ನಡ ಕಲಿಸುವವನು. ಶಾಸನ, ವೀರಗಲ್ಲುಗಳ ಕಡೆಗೆ ನನ್ನ ಒಲವೇ ಹೊರತು ಪಲ್ಟನ್ನಿನ ವಿದ್ಯೆ ನನ್ನದಲ್ಲ. ಆದರೆ ಅಕ್ಷರ ಕಂಡಲ್ಲಿ ಓದದೆ ಬಿಡುವ ಜಾತಿಯೂ ನನ್ನದಲ್ಲ. ಆ ಬಿಲ್ಲೆಯನ್ನು ಬೆಳಕಿಗೆ ಹಿಡಿದು ತಿರುಗಿಸಿದಾಗ ಅದರ ಅಂಚಿನ ಸುತ್ತ ಸಣ್ಣ ಇಂಗ್ಲಿಷ್ ಅಕ್ಷರಗಳ ಒಂದು ಸಾಲು ಕಾಣಿಸಿತು. ಒಂದು ಅಂಕಿ, ಸಿಪಾಯಿ ಎಂಬ ಪದವಿ, ಒಂದು ಹೆಸರು, ಒಂದು ಪಲ್ಟನ್ನು. ಅಂದಿನಿಂದ ಹಳಿಯಾಳ, ಮುಂಡಗೋಡ, ಜೋಯಿಡಾ, ದಾಂಡೇಲಿಗಳ ಸುತ್ತ ನಾನು ಇಂಥ ವಸ್ತುಗಳನ್ನು ಹುಡುಕುತ್ತ ಬಂದಿದ್ದೇನೆ. ಅದರಲ್ಲಿ ನಾನು ತಿಳಿದುಕೊಂಡ ನಾಲ್ಕು ಮಾತುಗಳನ್ನು ನಿಮ್ಮ ಮುಂದಿಡುತ್ತೇನೆ. ನಿಮ್ಮ ಮನೆಯ ಅಟ್ಟದ ಮೇಲೂ ಒಂದು ಹಳೆಯ ಟ್ರಂಕು ಇದ್ದೀತು.

ಮೊದಲ ಮಹಾಯುದ್ಧ ನಡೆದದ್ದು 1914ರಿಂದ 1918ರ ವರೆಗೆ. ಆದರೆ ಅದರ ಪದಕಗಳು ಸಿಪಾಯಿಯ ಮನೆಗೆ ಬಂದದ್ದು ಯುದ್ಧ ಮುಗಿದ ಮೇಲೆ, 1920ರ ಆಚೀಚಿನ ವರ್ಷಗಳಲ್ಲಿ. ಆದುದರಿಂದ ನಮ್ಮ ಟ್ರಂಕುಗಳಲ್ಲಿರುವುದು ಬಹುಮಟ್ಟಿಗೆ ಎರಡು ಮಹಾಯುದ್ಧಗಳ ನಡುವಣ ಕಾಲದ ಸರಕು. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಬೆಳಗಾವಿ ದೂರವಲ್ಲ, ಅಲ್ಲಿ ಮರಾಠಾ ಪಲ್ಟನ್ನಿನ ಠಾಣ್ಯ. ಹಳಿಯಾಳದ ಬಯಲು ಸೀಮೆಯ ಒಕ್ಕಲು ಮನೆಗಳ ಹುಡುಗರಿಗೆ ಅದು ಪರಿಚಿತವಾದ ದಾರಿ. ಮಳೆ ಕೈಕೊಟ್ಟ ವರ್ಷ ಆ ದಾರಿಯಲ್ಲಿ ಹೆಚ್ಚು ಜನ ನಡೆದರೆಂದು ಹಿರಿಯರು ಹೇಳುತ್ತಾರೆ.

ಸಾಮಾನ್ಯವಾಗಿ ಎರಡು ಪದಕಗಳು ಜೋಡಿಯಾಗಿ ಬರುತ್ತವೆ. ಒಂದು ಬೆಳ್ಳಿಯದು. ಮುಂಬದಿಯಲ್ಲಿ ಐದನೆಯ ಜಾರ್ಜ್ ದೊರೆಯ ತಲೆ, ಹಿಂಬದಿಯಲ್ಲಿ ಕುದುರೆ ಏರಿದ ಬತ್ತಲೆ ಪುರುಷ, ಪಕ್ಕದಲ್ಲಿ 1914, 1918 ಎಂಬ ಅಂಕಿಗಳು. ಇನ್ನೊಂದು ಕಂಚಿನದು, ನಾನು ಎತ್ತಿನ ಹಣೆಯ ಮೇಲೆ ಕಂಡದ್ದು. ಅದರ ಪಟ್ಟಿ ಕಾಮನಬಿಲ್ಲಿನ ಬಣ್ಣದ್ದು. ಹಿಂಬದಿಯಲ್ಲಿ ‘ನಾಗರಿಕತೆಗಾಗಿ ನಡೆದ ಮಹಾಯುದ್ಧ’ ಎಂಬ ಅರ್ಥದ ಬರಹ. ಯಾರ ನಾಗರಿಕತೆ ಎಂದು ಬಿಲ್ಲೆ ಹೇಳುವುದಿಲ್ಲ. ಸತ್ತವರ ಮನೆಗೆ ಇನ್ನೂ ಒಂದು ವಸ್ತು ಬಂತು: ಅಂಗೈಗಿಂತ ಅಗಲವಾದ, 120 ಮಿಲಿಮೀಟರ್ ವ್ಯಾಸದ ಕಂಚಿನ ಫಲಕ. ಅದರ ಮೇಲೆ ತ್ರಿಶೂಲ ಹಿಡಿದ ಹೆಂಗಸು, ಸಿಂಹ, ಮತ್ತು ಸತ್ತವನ ಹೆಸರು ಉಬ್ಬಕ್ಷರದಲ್ಲಿ. ಪದವಿ ಮಾತ್ರ ಇಲ್ಲ. ಸಾವಿನಲ್ಲಿ ಸಿಪಾಯಿಯೂ ಸೇನಾಪತಿಯೂ ಸಮಾನರೆಂದು. ಒಂದು ಮನೆಯಲ್ಲಿ ಇದನ್ನು ದೇವಿಯ ಮೂರ್ತಿಯೆಂದು ತಿಳಿದು ಜಗುಲಿಯ ಮೇಲಿಟ್ಟು ಕುಂಕುಮ ಹಚ್ಚಿದ್ದರು. ನಾನು ಅದನ್ನು ತಿದ್ದಲು ಹೋಗಲಿಲ್ಲ.

ಅಂಚಿನ ಅಂಕಿಗಳಿಂದ ಕಾಲವನ್ನು ಹೇಳಬಹುದು. ಯುದ್ಧದ ಪದಕಗಳ ಮೇಲೆ ಮರಾಠಾ ಪಲ್ಟನ್ನುಗಳ ಹಳೆಯ ಅಂಕಿಗಳಿರುತ್ತವೆ: 103, 105, 110, 114, 116, 117. 1922ರಲ್ಲಿ ಸೈನ್ಯದ ಪುನರ್ರಚನೆಯಾದಾಗ ಇವೆಲ್ಲ ಕೂಡಿ ಐದನೆಯ ಮರಾಠಾ ಲೈಟ್ ಇನ್‌ಫಂಟ್ರಿ ಎಂಬ ಒಂದೇ ರೆಜಿಮೆಂಟು ಆಯಿತು. 103 ಅದರ ಮೊದಲನೆಯ ಬೆಟಾಲಿಯನ್, 105 ಎರಡನೆಯದು, ಹೀಗೆ. 1918ರ ಅಕ್ಟೋಬರದಲ್ಲಿ ಶರ್ಕಾತ್ ಕಾಳಗದಲ್ಲಿ 28 ಶೌರ್ಯ ಪ್ರಶಸ್ತಿಗಳನ್ನು ಗಳಿಸಿದ 114ನೆಯದು ಬೆಳಗಾವಿಯಲ್ಲಿ ತರಬೇತಿಯ ಬೆಟಾಲಿಯನ್ ಆಯಿತು. ಆದುದರಿಂದ ಅಂಗಿಯ ಹಿತ್ತಾಳೆ ಗುರುತಿನ ಮೇಲೆ 110 ಎಂದಿದ್ದರೆ ಅದು 1922ಕ್ಕಿಂತ ಹಿಂದಿನದು. 5 ಎಂದಿದ್ದರೆ ನಂತರದ್ದು.

ಯುದ್ಧ ಮುಗಿಯಿತೆಂದು ಸಿಪಾಯಿಗೆ ಬಿಡುವು ಸಿಕ್ಕಲಿಲ್ಲ. ಆ ಇಪ್ಪತ್ತು ವರ್ಷ ವಾಯವ್ಯ ಗಡಿನಾಡಿನಲ್ಲಿ ಪಠಾಣರೊಡನೆ ಚಕಮಕಿ ನಡೆದೇ ಇತ್ತು. ಅಲ್ಲಿ ಹೋದವರ ಬೆಳ್ಳಿ ಪದಕದ ಹಿಂಬದಿಯಲ್ಲಿ ಬೆಟ್ಟದ ನಡುವೆ ಜಮರೂದ್ ಕೋಟೆ; ಪಟ್ಟಿಗೆ ಸಿಕ್ಕಿಸಿದ ಅಡ್ಡಕಡ್ಡಿಯ ಮೇಲೆ ವಜೀರಿಸ್ತಾನ 1921–24 ಮುಂತಾದ ಬರಹ. 1936ರಿಂದ ಕೊಟ್ಟ ಪದಕದಲ್ಲಿ ಕೋಟೆಯ ಬದಲು ಹುಲಿ ಬಂತು. ದಾಂಡೇಲಿಯ ಕಡೆಯವರಿಗೆ ಈ ಹುಲಿಯ ಪದಕ ತೋರಿಸಿದರೆ ಇದು ನಮ್ಮದೇ ಎನ್ನುತ್ತಾರೆ!

ಇನ್ನು ನನ್ನ ತಪ್ಪೊಂದನ್ನು ಹೇಳಲೇಬೇಕು. ಮೊದಲ ವರ್ಷ ನನ್ನ ಕೈಗೆ ಬಂದ ಒಂದು ಕಂಚಿನ ಬಿಲ್ಲೆ ಕಪ್ಪಾಗಿತ್ತು. ಹುಣಸೆಹಣ್ಣು, ಬೂದಿ ಹಚ್ಚಿ ತೆಂಗಿನ ನಾರಿನಿಂದ ಚೆನ್ನಾಗಿ ಉಜ್ಜಿದೆ. ಹೊಳೆಯಿತು. ಆದರೆ ಮೊದಲೇ ಸವೆದಿದ್ದ ಅಂಚಿನ ಅಕ್ಷರಗಳಲ್ಲಿ ಅರ್ಧ ಹೋದವು. ಕೊಟ್ಟ ಮನೆಯವರು ಹೊಳಪು ಕಂಡು ಸಂತೋಷಪಟ್ಟರು. ನನಗೆ ಆ ರಾತ್ರಿ ಊಟ ಸೇರಲಿಲ್ಲ. ಶಾಸನದ ಕಲ್ಲನ್ನು ಸುಣ್ಣ ಬಳಿದು ಕೆಡಿಸುವವರನ್ನು ತರಗತಿಯಲ್ಲಿ ಎಷ್ಟು ಬೈದಿದ್ದೆ! ನೀವು ಉಜ್ಜಬೇಡಿರಿ. ಮೆತ್ತನೆಯ ಒಣ ಬಟ್ಟೆಯಿಂದ ಧೂಳು ಒರೆಸಿ, ಓರೆ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ಅಂಚನ್ನು ಓದಿರಿ. ಓದಿದ್ದನ್ನು ಅಕ್ಷರಕ್ಕೆ ಅಕ್ಷರ ಬರೆದುಕೊಳ್ಳಿರಿ. ಕೈಫೋನಿನಿಂದ ಚಿತ್ರ ತೆಗೆದರೆ ಇನ್ನೂ ಒಳ್ಳೆಯದು.

ಓದುವುದೂ ಸುಲಭವಲ್ಲ. ಹೆಸರನ್ನು ಬರೆದವನು ಕಾರಕೂನ, ಹೇಳಿದವನು ಹಳ್ಳಿಗ, ಅಚ್ಚೊತ್ತಿದವನು ಮತ್ತೊಬ್ಬ. ನಮ್ಮ ಳಕಾರ ಲಕಾರವಾಗುತ್ತದೆ, ದೀರ್ಘ ಹ್ರಸ್ವವಾಗುತ್ತದೆ, ಅಡ್ಡಹೆಸರು ಬಿದ್ದೇ ಹೋಗುತ್ತದೆ. ಒಂದು ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬಳಿದ್ದಳು. ಸಿಪಾಯಿ ಅವಳ ಮಾವ. ಹೆಸರೇನಮ್ಮಾ ಎಂದರೆ ಮಾವನ ಹೆಸರನ್ನು ಬಾಯಿಂದ ಹೇಗೆ ಆಡಿಯಾಳು? ಸೆರಗು ಬಾಯಿಗೆ ಹಚ್ಚಿ ನಕ್ಕಳು. ನಾನು ಅಂಚಿನ ಅಕ್ಷರಗಳನ್ನು ಒಂದು ಬಗೆಯಲ್ಲಿ ಕೂಡಿಸಿ ಓದಿದೆ, ತಲೆ ಅಲ್ಲಾಡಿಸಿದಳು. ಇನ್ನೊಂದು ಬಗೆಯಲ್ಲಿ ಓದಿದೆ, ಅಲ್ಲವೆಂದಳು. ಮೂರನೆಯ ಸಲ ಸರಿಯಾದ ಹೆಸರು ಬಂದಾಗ ಅವಳು ಮಾತಾಡಲಿಲ್ಲ. ಬಿಲ್ಲೆಯನ್ನು ನನ್ನ ಕೈಯಿಂದ ಇಸಿದುಕೊಂಡು ಕಣ್ಣಿಗೊತ್ತಿಕೊಂಡಳು. ಆ ಹೆಸರನ್ನು ಅವಳ ಎದುರಿಗೆ ಯಾರೂ ಕೂಗಿ ಎಷ್ಟು ವರ್ಷವಾಗಿತ್ತೋ.

ಈ ಅಂಚಿನ ಹೆಸರಿಗೆ ಇಷ್ಟೇಕೆ ಮಹತ್ವ ಕೊಡುತ್ತೀರಿ ಎಂದು ನೀವು ಕೇಳಬಹುದು. ಇರಾಕಿನ ಬಸ್ರಾದಲ್ಲಿ 1929ರಲ್ಲಿ ಒಂದು ದೊಡ್ಡ ಸ್ಮಾರಕವನ್ನು ತೆರೆದರು. ಮೆಸೊಪೊಟೇಮಿಯಾದ ರಣರಂಗದಲ್ಲಿ ಸತ್ತು ಗೋರಿ ಕಾಣದವರಿಗಾಗಿ ಅದು. ಕೂತ್ ಎಂಬ ಊರಿನಲ್ಲಿ 1915ರ ಡಿಸೆಂಬರದಿಂದ 1916ರ ಏಪ್ರಿಲ್ 29ರ ವರೆಗೆ ತುರ್ಕರ ಮುತ್ತಿಗೆಯಲ್ಲಿ ಹಸಿದು, ಕೊನೆಗೆ ಸೆರೆಯಾದ ಪುಣೆ ಡಿವಿಜನ್ನಿನಲ್ಲಿ 103, 110, 117ನೆಯ ಮರಾಠಾ ಪಲ್ಟನ್ನುಗಳಿದ್ದವು. ಆ ಸ್ಮಾರಕದ ಗೋಡೆಯ ಮೇಲೆ ಬ್ರಿಟಿಷ್ ಸೈನಿಕರೆಲ್ಲರ ಹೆಸರುಗಳನ್ನು ಕೊರೆದರು. ಭಾರತೀಯರಲ್ಲಿ ಅಧಿಕಾರಿಗಳ ಹೆಸರು ಮಾತ್ರ. ಸಿಪಾಯಿಗಳ ಪಾಲಿಗೆ ಪಲ್ಟನ್ನಿನ ಕೆಳಗೆ ಇಂತಿಷ್ಟು ಜನ ಎಂಬ ಲೆಕ್ಕ. ಹೀಗೆ ಲೆಕ್ಕಕ್ಕಿಳಿದವರು 30,000ಕ್ಕೂ ಹೆಚ್ಚು. ಯುದ್ಧಸಮಾಧಿಗಳ ಆಯೋಗವೇ 2021ರಲ್ಲಿ ಈ ಭೇದವನ್ನು ಒಪ್ಪಿ ಕ್ಷಮೆ ಕೇಳಿತು. ನಮ್ಮ ಪೂರ್ವಜರು ತುರು ಕಾಯ್ದು ಸತ್ತ ಬಡವನ ಹೆಸರನ್ನೂ ಕಲ್ಲಿನಲ್ಲಿ ಕೊರೆದರು. ಸಾಮ್ರಾಜ್ಯಕ್ಕೆ ಅಷ್ಟು ಕಲ್ಲು ಸಿಕ್ಕಲಿಲ್ಲ! ಗೋಡೆಯಲ್ಲಿ ಬಿಟ್ಟ ಹೆಸರು ಬಿಲ್ಲೆಯ ಅಂಚಿನಲ್ಲಿ ಉಳಿದಿದೆ.

ಆದರೆ ಆ ಬಿಲ್ಲೆಗಳು ಕರಗುತ್ತಿವೆ. ಬೆಳ್ಳಿಯ ಪದಕದ ತೂಕ ಎರಡು ತೊಲೆಗೂ ಮೇಲೆ. ಮಗಳ ಕಾಲುಗೆಜ್ಜೆಗೆ ಅದು ಸಾಲುತ್ತದೆ. 1980ರ ಜನವರಿಯಲ್ಲಿ ಬೆಳ್ಳಿಯ ಬೆಲೆ ಜಗತ್ತಿನಲ್ಲೆಲ್ಲ ಥಟ್ಟನೆ ಏರಿದಾಗ ಎಷ್ಟು ದೇಶಗಳಲ್ಲಿ ಎಷ್ಟು ಪದಕಗಳು ಮೂಸೆಗೆ ಬಿದ್ದವೋ. ಅಕ್ಕಸಾಲಿಗನನ್ನಾಗಲಿ ಮಾರಿದವರನ್ನಾಗಲಿ ನಾನು ದೂರುವುದಿಲ್ಲ. ಹಸಿವಿಗೆ ಇತಿಹಾಸ ಹೇಳಬಾರದು. ಕಂಚಿನದು ಯಾರಿಗೂ ಬೇಡವಾದ್ದರಿಂದ ಉಳಿಯಿತು. ಸೂಪಾ ಅಣೆಕಟ್ಟಿನ ನೀರು ನಿಂತು ಹಳೆಯ ಸೂಪಾ ಮುಳುಗಿ, ಜನ ರಾಮನಗರದ ಕಡೆಗೆ ಗಂಟು ಕಟ್ಟಿದಾಗಲೂ ಎಷ್ಟೋ ಟ್ರಂಕುಗಳು ಹಗುರವಾದವು.

ಈಗ ಹೊಸ ಗಿರಾಕಿಗಳು ಬಂದಿದ್ದಾರೆ; ಹಳ್ಳಿಹಳ್ಳಿಗೆ ಬಂದು ಇನ್ನೂರು ಮುನ್ನೂರಕ್ಕೆ ಕೊಂಡು ದೂರದ ಸಂಗ್ರಾಹಕರಿಗೆ ಮಾರುತ್ತಾರೆ. ತಿಳಿದಿರಲಿ, 1972ರ ಪುರಾವಸ್ತು ಕಾಯಿದೆಯು ನೂರು ವರ್ಷ ತುಂಬಿದ ಐತಿಹಾಸಿಕ ವಸ್ತುವನ್ನು ಪುರಾವಸ್ತುವೆಂದು ಎಣಿಸುತ್ತದೆ. 1920ರ ಸರಕಿಗೆ ಆ ವಯಸ್ಸು ತುಂಬಿತು. ಪುರಾವಸ್ತುವಿನ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅದನ್ನು ದೇಶದ ಹೊರಗೆ ಸಾಗಿಸುವಂತಿಲ್ಲ. ಸಂಗೀನು, ಕತ್ತಿ ಸಿಕ್ಕರೆ ಶಸ್ತ್ರ ಕಾಯಿದೆಯನ್ನೂ ವಿಚಾರಿಸಿಕೊಳ್ಳಿರಿ. ಗುಂಡು ತುಂಬಿದ ತೋಟೆ ಸಿಕ್ಕರಂತೂ ಮುಟ್ಟದೆ ಪೋಲೀಸರಿಗೆ ತಿಳಿಸಿರಿ.

ನನ್ನ ಸಂಗ್ರಹ ಬಹುಪಾಲು ನೋಟುಬುಕ್ಕಿನಲ್ಲಿದೆ. ಬಿಲ್ಲೆಯನ್ನು ಓದುತ್ತೇನೆ, ಬರೆದುಕೊಳ್ಳುತ್ತೇನೆ, ಯಾವ ಮನೆ, ಯಾರು ಹೇಳಿದರು, ಯಾವ ದಿನ ಎಂದು ಗುರುತು ಹಾಕುತ್ತೇನೆ, ತಿರುಗಿ ಕೊಡುತ್ತೇನೆ. ಏಕೆಂದರೆ ಅಂಚಿನ ಮೇಲೆ ಎಲ್ಲವೂ ಇದೆ, ಊರು ಮಾತ್ರ ಇಲ್ಲ. ಬಿಲ್ಲೆ ಮನೆಯ ಹೊಸಲು ದಾಟಿತೆಂದರೆ ಆ ಸಿಪಾಯಿ ಯಾವ ಹಳ್ಳಿಯವನೆಂದು ಹೇಳುವವರಿಲ್ಲ.

ಇದನ್ನು ನಾನು ಕಲಿತದ್ದು ಒಂದೇ ಒಂದು ಖರೀದಿಯಿಂದ. ಹನ್ನೊಂದು ವರ್ಷಗಳ ಹಿಂದೆ ಸರಾಫನೊಬ್ಬನ ತಕ್ಕಡಿಯಲ್ಲಿದ್ದ ಬೆಳ್ಳಿ ಪದಕವೊಂದನ್ನು ಬೆಳ್ಳಿಯ ತೂಕದ ಬೆಲೆ ಕೊಟ್ಟು ಬಿಡಿಸಿಕೊಂಡೆ. 110ನೆಯ ಪಲ್ಟನ್ನು, ಹೆಸರು ಸ್ಪಷ್ಟವಾಗಿದೆ. ತಂದವರು ಮುಂಡಗೋಡದ ಕಡೆಯವರಿರಬಹುದು ಎಂದಷ್ಟೇ ಅವನು ಹೇಳಿದ. ಆ ಹೆಸರಿನವರನ್ನು ಒಂಬತ್ತು ಹಳ್ಳಿಗಳಲ್ಲಿ ಕೇಳಿದ್ದೇನೆ. ಹೆಸರು ಊರಿಗೆ ನಾಲ್ವರಿಗಿದೆ. ಆದರೆ ಅದರ ಕಂಚಿನ ಜೋಡಿಯ ಅಂಚಿನ ಮೇಲೂ ಇದೇ ಹೆಸರು, ಇದೇ ಅಂಕಿ ಇರಬೇಕು. ಕಂಚನ್ನು ಯಾರೂ ಮಾರಿರಲಾರರು. ಬರುವ ದಸರೆಯ ರಜೆಯಲ್ಲಿ ಹತ್ತನೆಯ ಹಳ್ಳಿಗೆ ಹೋಗುವವನಿದ್ದೇನೆ.