ಹುಳುಮನೆಯ ಚಳಿ, ಒಲೆಯ ಲೆಕ್ಕ



ಮನೆಯ ಒಂದು ಕೋಣೆಯೇ ಕಾರ್ಖಾನೆಯಾಗುವ ಕಸುಬುಗಳಲ್ಲಿ ರೇಷ್ಮೆ ಸಾಕಣೆ ಮುಖ್ಯವಾದುದು. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ಭತ್ತ, ಕಬ್ಬಿನ ಗದ್ದೆಗಳ ನಡುವೆ ಹಿಪ್ಪುನೇರಳೆ ತೋಟಗಳೂ ಕಾಣಸಿಗುತ್ತವೆ. ನರಸೀಪುರದಲ್ಲಿ ಸರ್ಕಾರಿ ನಿಗಮದ ನೂಲು ತೆಗೆಯುವ ಕಾರ್ಖಾನೆಯಿದೆ. ಆದರೆ ನೂಲಿನ ಭವಿಷ್ಯ ತೀರ್ಮಾನವಾಗುವುದು ಕಾರ್ಖಾನೆಯಲ್ಲಲ್ಲ, ರೈತನ ಹುಳುಮನೆಯಲ್ಲಿ.

ಕಪಿಲಾ ತೀರದ ಚಳಿ ಊಟಿಯ ಚಳಿಯಲ್ಲ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಉಷ್ಣತೆ ಸಾಮಾನ್ಯವಾಗಿ 16–17 ಡಿಗ್ರಿಗೆ ಇಳಿಯುತ್ತದೆ. ಕಂಬಳಿ ಹೊದ್ದ ಮನುಷ್ಯನಿಗೆ ಅದು ಸುಖನಿದ್ರೆಯ ಹೊತ್ತು, ಹುಳುವಿಗೆ ಹಾಗಲ್ಲ. ತನ್ನ ಮೈಶಾಖವನ್ನು ತಾನೇ ಕಾಯ್ದುಕೊಳ್ಳಲಾರದ ಜೀವಿ ಅದು. ಚಾಕಿ ಹುಳುವಿಗೆ 27–28 ಡಿಗ್ರಿ ಶಾಖವೂ ಶೇಕಡಾ 85ರಿಂದ 90ರಷ್ಟು ತೇವವೂ ಬೇಕು. ಐದನೆಯ ಹಂತದ ಹುಳುವಿಗೆ 24 ಡಿಗ್ರಿ, ಶೇಕಡಾ 70ರ ತೇವ ಸಾಕು. 20 ಡಿಗ್ರಿಗಿಂತ ಕೆಳಗಿಳಿದರೆ ಹುಳು ಸೊಪ್ಪು ತಿನ್ನುವುದು ಕಡಿಮೆಯಾಗುತ್ತದೆ, ಜ್ವರಕ್ಕೆ ಕೂರುವುದು ತಡವಾಗುತ್ತದೆ, ಬೆಳೆ ದಿನಗಟ್ಟಲೆ ಹಿಂದೆ ಬೀಳುತ್ತದೆ. ತಂಪು, ತೇವ ಎರಡೂ ಕೂಡಿದಲ್ಲಿ ಸುಣ್ಣಕಟ್ಟು ರೋಗವೂ ಹೊಂಚುಹಾಕುತ್ತದೆ.

ಆದ್ದರಿಂದ ಒಲೆ ಬೇಕು. ಆದರೆ ಎಷ್ಟು ಒಲೆ? ವಿದ್ಯಾರ್ಥಿಗಳು ಈ ಲೆಕ್ಕವನ್ನು ಮಾಡಿ ನೋಡಬಹುದು. ಹತ್ತಡಿ ಅಗಲ, ಹನ್ನೆರಡಡಿ ಉದ್ದ, ಹತ್ತಡಿ ಎತ್ತರದ ಕೋಣೆಯೊಳಗಿನ ಗಾಳಿಯ ತೂಕ ಸುಮಾರು 40 ಕಿಲೋ. ಅದನ್ನು 10 ಡಿಗ್ರಿ ಬಿಸಿಮಾಡಲು ಒಂದು ಯೂನಿಟ್ ವಿದ್ಯುತ್ತಿನ ಹತ್ತನೆಯ ಒಂದು ಭಾಗ ಸಾಕು; ಒಣ ಸೌದೆಯಾದರೆ ಒಂದು ಹಿಡಿಯಷ್ಟು. ಹಾಗಿದ್ದರೂ ರಾತ್ರಿ ಬೆಳಗಾಗುವುದರೊಳಗೆ ಬುಟ್ಟಿಗಟ್ಟಲೆ ಸೌದೆ ಉರಿಯುವುದೇಕೆ? ಬಿಸಿಗಾಳಿ ಮೇಲೇರಿ ಹೆಂಚಿನ ಸಂದಿಯಿಂದ ಹೊರಟುಹೋಗುತ್ತದೆ, ಸೂರು ಶಾಖವನ್ನು ಆಕಾಶಕ್ಕೆ ಒಪ್ಪಿಸುತ್ತದೆ. ಬರಿಯ ತಗಡಿನ ಸೂರಾದರೆ, ಒಳಗಿಗೂ ಹೊರಗಿಗೂ 10 ಡಿಗ್ರಿ ಅಂತರವಿರುವ ಹನ್ನೆರಡು ಗಂಟೆಯ ರಾತ್ರಿಯಲ್ಲಿ, ಸ್ಥೂಲ ಲೆಕ್ಕಕ್ಕೆ ಏಳೆಂಟು ಯೂನಿಟ್ಟಿನಷ್ಟು ಶಾಖ ಸೂರೊಂದರಿಂದಲೇ ಸೋರಿಹೋಗುತ್ತದೆ. ಕೋಣೆಯ ಗಾಳಿಯನ್ನು ಒಮ್ಮೆ ಬಿಸಿಮಾಡಲು ಬೇಕಾದುದರ ಎಪ್ಪತ್ತು ಎಂಬತ್ತು ಪಟ್ಟು! ಒಲೆಯನ್ನು ದೊಡ್ಡದು ಮಾಡುವುದೆಂದರೆ ತೂತು ಬಿಂದಿಗೆಗೆ ನೀರು ಸೇದಿದಂತೆ.

ಮೊದಲು ತೂತು ಮುಚ್ಚಬೇಕು. ತಲೆಗೆ ತಾಗದ ಎತ್ತರದಲ್ಲಿ ಗೋಣಿಚೀಲ ಹೊಲಿದು ಒಳಸೂರು ಕಟ್ಟಿದರೆ ಬಿಸಿ ಮಾಡಬೇಕಾದ ಜಾಗವೇ ಕುಗ್ಗುತ್ತದೆ. ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಮೂರು ನಾಲ್ಕು ಬೆರಳು ದಪ್ಪ ಒಣ ಭತ್ತದ ಹುಲ್ಲು ಹರಡಿದರೆ ಸೂರಿನ ಸೋರಿಕೆ ಕಾಲು ಭಾಗಕ್ಕೆ ಇಳಿದೀತು. ಆದರೆ ಹುಲ್ಲಿಗೆ ಇಲಿ ಸೇರದಂತೆ, ಕಿಡಿ ತಾಗದಂತೆ ನೋಡಿಕೊಳ್ಳಬೇಕು. ಚಾಕಿಗಾದರೆ ಇಡೀ ಕೋಣೆಯೇ ಬೇಡ. ತಟ್ಟೆಗಳ ಅಟ್ಟಣೆಯ ಸುತ್ತ ಹಾಳೆಯ ಗುಡಾರ ಸಾಕು. ಅದಕ್ಕಿಂತಲೂ ಮೇಲಾದುದು ಚಾಕಿ ಕೇಂದ್ರದಿಂದ ಎರಡನೆಯ ಜ್ವರ ಎದ್ದ ಹುಳುಗಳನ್ನು ತರುವುದು. ಹೆಚ್ಚು ಶಾಖ ಬೇಡುವ ಮೊದಲ ವಾರದ ಬೆಂಕಿ ನೂರು ಮನೆಗಳಲ್ಲಿ ಉರಿಯುವ ಬದಲು ಒಂದೇ ಕಡೆ ಉರಿಯುತ್ತದೆ. ನಂಜನಗೂಡು ತಾಲ್ಲೂಕಿನ ದಕ್ಷಿಣದ ಅಂಚು ಹೆಡಿಯಾಲದ ಬಳಿ ಬಂಡೀಪುರದ ಕಾಡನ್ನು ಮುಟ್ಟುತ್ತದೆ. ಅಲ್ಲಿ ಉಳಿದ ಒಂದೊಂದು ಹೊರೆ ಸೌದೆಯೂ ಕಾಡಿನ ಲೆಕ್ಕಕ್ಕೆ ಜಮೆ.

ಗಾಳಿ ಬಿಸಿಯಾದಂತೆ ಒಣಗುತ್ತದೆ, ಸೊಪ್ಪು ಬಾಡುತ್ತದೆ. ಒಲೆಯ ಮೇಲೆ ಅಗಲ ಬಾಯಿಯ ನೀರಿನ ಪಾತ್ರೆ ಇರಲೇಬೇಕು. ಜ್ವರಕ್ಕೆ ಕುಳಿತ ಹುಳುಗಳಿಗೆ ಮಾತ್ರ ಒಣ ಗಾಳಿಯೇ ಹಿತ. ಆಗ ಪಾತ್ರೆ ಇಳಿಸಿಬಿಡಬಹುದು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಸಂದಿ ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಟ್ಟು ಮಲಗುವುದು ಸಾವನ್ನು ಪಕ್ಕದಲ್ಲಿ ಮಲಗಿಸಿಕೊಂಡಂತೆ. ಹೊಗೆ ಹೋದ ಮೇಲೆ ಕೆಂಡ ನಿರಪಾಯವೆಂಬ ನಂಬಿಕೆ ತಪ್ಪು. ಬಣ್ಣ, ವಾಸನೆ ಎರಡೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಕೆಂಡದಿಂದಲೇ ಹೊರಡುತ್ತದೆ. ರಕ್ತವನ್ನು ಸೇರಿ ಆಮ್ಲಜನಕದ ಜಾಗವನ್ನು ಆಕ್ರಮಿಸುತ್ತದೆ. ತಲೆನೋವು, ವಾಕರಿಕೆ, ಮಂಪರು ಅದರ ಗುರುತು. ನಿದ್ದೆಯಲ್ಲಿರುವವರಿಗೆ ಆ ಗುರುತೂ ತಿಳಿಯದು. ರಾತ್ರಿ ಸೊಪ್ಪು ಹಾಕಲು ಏಳಬೇಕೆಂದು ಹುಳುಮನೆಯಲ್ಲೇ ಚಾಪೆ ಹಾಸುವ ರೂಢಿ ಇರುವಲ್ಲಿ, ಕೆಂಡವಿರುವಷ್ಟು ದಿನ ಅದನ್ನು ಬಿಡಲೇಬೇಕು. ಸೊಪ್ಪು ಹಾಕಲು ಹೋಗುವಾಗ ಮೊದಲು ಬಾಗಿಲು, ಕಿಟಕಿ ತೆರೆದು ಸ್ವಲ್ಪ ಹೊತ್ತು ಕಾಯಬೇಕು. ತಲೆ ಸುತ್ತಿದರೆ ತಕ್ಷಣ ಬಯಲಿಗೆ ಬರಬೇಕು, ಆಸ್ಪತ್ರೆಗೆ ಹೋಗಬೇಕು.

ಕೈಯಲ್ಲಿ ಸ್ವಲ್ಪ ಹಣವಿದ್ದವರು ಗೋಡೆಯ ಹೊರಗಿನಿಂದ ಸೌದೆ ಹಾಕುವ ಒಲೆ ಕಟ್ಟಿಸಿ, ಅದರ ತಗಡಿನ ಕೊಳವೆಯನ್ನು ಕೋಣೆಯೊಳಗೆ ಹಾಯಿಸಿ ಸೂರಿನಾಚೆಗೆ ಬಿಡುವುದು ಒಳ್ಳೆಯದು. ಕೊಳವೆಯ ಬೆಸುಗೆ ಸೋರದಿದ್ದರೆ ಶಾಖ ಒಳಗೆ, ಹೊಗೆ ಹೊರಗೆ. ವಿದ್ಯುತ್ ಹೀಟರ್ ಕೊಳ್ಳುವವರು ಉಷ್ಣತೆ ಮುಟ್ಟಿದೊಡನೆ ತಾನೇ ನಿಲ್ಲುವಂತಹುದನ್ನು ಆರಿಸಬೇಕು. ಯಾವ ವಿಧಾನವೇ ಆಗಲಿ, ಉಷ್ಣಮಾಪಕವನ್ನು ಬಾಗಿಲ ಬಳಿಯ ಮೊಳೆಗೆ ನೇತುಹಾಕಿ ಪ್ರಯೋಜನವಿಲ್ಲ. ತಟ್ಟೆಯ ಎತ್ತರದಲ್ಲಿ, ಕೆಳಗೊಂದು ಮೇಲೊಂದು ಇಟ್ಟು, ಬೆಳಗಿನ ಜಾವ ಐದಕ್ಕೆ ಓದಿ ಬರೆದಿಡಬೇಕು. ಎರಡರ ನಡುವೆ ಮೂರು ಡಿಗ್ರಿ ಅಂತರ ಕಂಡರೆ ಸೌದೆ ಹೆಚ್ಚಿಸುವುದು ಬೇಡ, ತಟ್ಟೆಗಳನ್ನು ಮೇಲೆ ಕೆಳಗೆ ಅದಲುಬದಲು ಮಾಡಿದರಾಯಿತು.