ಎಲ್ಲರ ಕಣ್ಣೆದುರಿಗಿನ ಸಾಕ್ಷ್ಯ



1945ರ ಮೇ 1. ಮಹತ್ವದ ಸುದ್ದಿಯೊಂದು ಬರಲಿದೆ ಎಂದು ಸಾರಿದ ಜರ್ಮನ್ ರೇಡಿಯೋ, ಬ್ರುಕ್ನರ್‌ನ ಏಳನೇ ಸಿಂಫನಿಯನ್ನು ನುಡಿಸತೊಡಗಿತು. ಇಂಗ್ಲೆಂಡಿನ ಕ್ಯಾವರ್‌ಶಮ್ ಪಾರ್ಕ್‌ನಲ್ಲಿ ಬಿಬಿಸಿಗಾಗಿ ಅದನ್ನು ಆಲಿಸುತ್ತಿದ್ದವರು ವಿಯೆನ್ನಾದಿಂದ ವಲಸೆ ಬಂದಿದ್ದ ಅರ್ನ್ಸ್ಟ್ ಗೊಂಬ್ರಿಚ್. ಮುಂದೆ ಕಲಾ ಇತಿಹಾಸಕಾರರಾಗಿ ಹೆಸರಾದವರು. ಸಂಗೀತ ಸಂಯೋಜಕ ವಾಗ್ನರ್‌ನ ಸಾವಿನ ಶೋಕ ಬೆರೆತ ಕೃತಿ ಅದೆಂದು ಅವರಿಗೆ ಗೊತ್ತಿತ್ತು. ಹಿಟ್ಲರ್ ಸತ್ತಿರಬೇಕೆಂದು ಘೋಷಣೆಗೆ ಮೊದಲೇ ಊಹಿಸಿದರು. ಊಹೆ ನಿಜವಾಯಿತು.

ಆ ಸಂಗೀತ ಯಾರ ಮನೆಯ ರೇಡಿಯೋದಲ್ಲೂ ಕೇಳುವಂಥದ್ದು. ಬಹಿರಂಗವಾಗಿ ಸಿಗುವುದನ್ನೇ ಜೋಡಿಸಿ ಯುದ್ಧದ ಸತ್ಯ ತಿಳಿಯುವ ಈ ಕೆಲಸವನ್ನು ಬಿಬಿಸಿ 1939ರಲ್ಲಿ, ಅಮೆರಿಕ 1941ರಲ್ಲಿ ಶುರುಮಾಡಿದವು. ಇವತ್ತು ಇದಕ್ಕೆ ಓಪನ್ ಸೋರ್ಸ್ ಇಂಟೆಲಿಜೆನ್ಸ್ ಎನ್ನುತ್ತಾರೆ. ದಶಕಗಳ ಕಾಲ ಸರ್ಕಾರಗಳ ಕೈಯಲ್ಲೇ ಇದ್ದ ಈ ವಿದ್ಯೆ, ಮೊಬೈಲ್ ವಿಡಿಯೋ ಮತ್ತು ಉಪಗ್ರಹ ಚಿತ್ರಗಳು ಎಲ್ಲರಿಗೂ ಸಿಗತೊಡಗಿದ ಮೇಲೆ ಹೊರಗೆ ಬಂತು. 2014ರಲ್ಲಿ ಪೂರ್ವ ಉಕ್ರೇನಿನ ಮೇಲೆ ಮಲೇಷ್ಯಾದ ವಿಮಾನವನ್ನು ಹೊಡೆದುರುಳಿಸಿದ್ದರಿಂದ 298 ಜನ ಸತ್ತಾಗ, ಎಲಿಯಟ್ ಹಿಗ್ಗಿನ್ಸ್ ಆಗಷ್ಟೇ ಕಟ್ಟಿದ್ದ ಬೆಲ್ಲಿಂಗ್‌ಕ್ಯಾಟ್ ತಂಡ ಸ್ಥಳೀಯರು ಹಾಕಿದ್ದ ಫೋಟೋಗಳಿಂದಲೇ ಕ್ಷಿಪಣಿ ವಾಹನದ ಜಾಡು ಹಿಡಿಯಿತು.

2016ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಇದಕ್ಕೆಂದೇ ವಿದ್ಯಾರ್ಥಿಗಳ ಪ್ರಯೋಗಾಲಯ ತೆರೆಯಿತು. ಅದೇ ವರ್ಷ ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿಯ ವಿಡಿಯೋ ಪರಿಶೀಲನಾ ಜಾಲದೊಳಗೆ ಬ್ರಿಟನ್ನಿನ ಎಸೆಕ್ಸ್, ದಕ್ಷಿಣ ಆಫ್ರಿಕಾದ ಪ್ರಿಟೋರಿಯಾ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳೂ ಬಂದರು. ಕಾನೂನು ಓದುವವರ ಪಕ್ಕದಲ್ಲಿ ಅರಬಿ ಬಲ್ಲವರು ಕೂತರು. ಒಂದು ಭಾಷೆ ಚೆನ್ನಾಗಿ ಗೊತ್ತಿರುವುದು ಇಲ್ಲಿ ಈಗಲೂ ದೊಡ್ಡ ಬಂಡವಾಳ.

ಈ ವಿದ್ಯೆಯ ಕಸುಬುದಾರಿಕೆ ನೋಡಬೇಕೆಂದರೆ ಕ್ಯಾಮರೂನಿನ ಪ್ರಕರಣ ಸಾಕು. ಸೈನಿಕರು ಇಬ್ಬರು ಹೆಂಗಸರನ್ನೂ ಇಬ್ಬರು ಮಕ್ಕಳನ್ನೂ ಗುಂಡಿಕ್ಕಿ ಕೊಲ್ಲುವ ವಿಡಿಯೋ 2018ರಲ್ಲಿ ಹರಡಿತು. ಸುಳ್ಳು ಸುದ್ದಿ ಎಂದಿತು ಸರ್ಕಾರ. ಬಿಬಿಸಿ ಆಫ್ರಿಕಾ ಐ ತಂಡ ಹಿನ್ನೆಲೆಯ ಬೆಟ್ಟಸಾಲಿನ ಅಂಚನ್ನು ಉಪಗ್ರಹ ಚಿತ್ರದೊಂದಿಗೆ ತಾಳೆ ನೋಡಿ ಜೆಲೆವೆಟ್ ಎಂಬ ಊರನ್ನು ಪತ್ತೆಮಾಡಿತು. ವಿಡಿಯೋದಲ್ಲಿದ್ದ ಕಾಲುಹಾದಿ ಬೇಸಿಗೆಯಲ್ಲಷ್ಟೇ ಕಾಣುತ್ತಿತ್ತು. ಉಪಗ್ರಹ ಚಿತ್ರಗಳ ಪ್ರಕಾರ ವರ್ಷ 2015; ನಡೆಯುವ ಸೈನಿಕರ ನೆರಳಿನ ಉದ್ದದಿಂದ ಸೂರ್ಯನ ಕೋನ ಅಳೆದರೆ, ಮಾರ್ಚ್ 20 ಮತ್ತು ಏಪ್ರಿಲ್ 5ರ ನಡುವಿನ ದಿನ. 2020ರಲ್ಲಿ ಅಲ್ಲಿನದೇ ಸೈನಿಕ ನ್ಯಾಯಾಲಯ ನಾಲ್ವರಿಗೆ 10 ವರ್ಷ ಶಿಕ್ಷೆ ಕೊಟ್ಟಿತು.

ಇಷ್ಟು ತಾಳ್ಮೆ ಬೇಡುವ ಪಾಠ ಬೇರೆ ಎಷ್ಟಿದ್ದಾವು! ವಿಡಿಯೋ ಕಂಡ ಕೂಡಲೇ ಹಂಚುವ ವಯಸ್ಸಿನ ಈ ವಿದ್ಯಾರ್ಥಿಗಳು, ಹಳೆಯ ದೃಶ್ಯಕ್ಕೆ ಹೊಸ ಯುದ್ಧದ ಹೆಸರು ಅಂಟಿದೆಯೇ ಎಂದು ಮೊದಲು ನೋಡುವುದನ್ನು ಕಲಿಯುತ್ತಾರೆ. ಇದನ್ನು ನಾನು ತುಂಬ ಗೌರವಿಸುತ್ತೇನೆ. ಜೊತೆಗೆ ಅವರ ಬಗ್ಗೆ ಕಳವಳವೂ ಇದೆ, ಏಕೆಂದರೆ ಇಪ್ಪತ್ತರ ಹರೆಯದಲ್ಲಿ ಸಾವನ್ನು ಮತ್ತೆ ಮತ್ತೆ ನೋಡುವ ಕೆಲಸವಿದು. ಹಾಗಾಗಿ ಧ್ವನಿ ಮುಚ್ಚಿ ನೋಡು, ಪರದೆಯ ಕಿಟಕಿ ಚಿಕ್ಕದಾಗಿಡು, ರಾತ್ರಿ ಒಬ್ಬನೇ ಕೂರಬೇಡ ಎಂದು ಪ್ರಯೋಗಾಲಯಗಳಲ್ಲಿ ಹೇಳಿಕೊಡುತ್ತಾರೆ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯೊಂದಿಗೆ ಬರ್ಕ್ಲಿ 2020ರಲ್ಲಿ ಹೊರತಂದ ತನಿಖಾ ನಿಯಮಾವಳಿಯಲ್ಲಿ, ಸಾಕ್ಷ್ಯವನ್ನು ಕಾಪಾಡುವ ಕ್ರಮಗಳ ಜೊತೆಗೆ ನೋಡುವವರ ಮನಸ್ಸನ್ನು ಕಾಪಾಡುವ ಮಾತೂ ಸೇರಿದೆ.