ರೊಟ್ಟಿಯ ಎಸರು, ನಾರ್ವೆಯ ಆಲೂಗಡ್ಡೆ

ಜೋಳದ ಹಿಟ್ಟಿಗೆ ಜಿಗಿಯಿಲ್ಲ. ಗೋಧಿಯಲ್ಲಿರುವ ಅಂಟು ಅದರಲ್ಲಿಲ್ಲವಾದ್ದರಿಂದ ತಣ್ಣೀರಿನಲ್ಲಿ ಕಲಸಿದರೆ ತಟ್ಟುವ ಮೊದಲೇ ಅಂಚು ಬಿರಿಯುತ್ತದೆ. ಆದರೂ ಬೀದರ, ಭಾಲ್ಕಿ, ಔರಾದಗಳಲ್ಲಿ ತಲೆಮಾರುಗಳಿಂದ ಇದೇ ಹಿಟ್ಟು ಕಾಗದದಷ್ಟು ತೆಳುವಾದ ರೊಟ್ಟಿಯಾಗುತ್ತ ಬಂದಿದೆ. ಗುಟ್ಟು ಇರುವುದು ಎಸರಿನಲ್ಲಿ. ಕುದಿಯುವ ನೀರು ಬಿದ್ದೊಡನೆ ಹಿಟ್ಟಿನ ಪಿಷ್ಟ ಅರೆಬೆಂದು ಅಂಟಾಗುತ್ತದೆ. ಗೋಧಿಗೆ ಪ್ರಕೃತಿಯೇ ಕೊಟ್ಟದ್ದನ್ನು ಜೋಳಕ್ಕೆ ನಮ್ಮ ತಾಯಂದಿರು ಬಿಸಿನೀರಿನಿಂದ ಕೊಟ್ಟರು.

ಸಾವಿರಾರು ಮೈಲಿ ದೂರದ ನಾರ್ವೆಯ ಹೆಂಗಸರು ಇದೇ ತೊಡಕನ್ನು ಇನ್ನೊಂದು ದಾರಿಯಿಂದ ಬಿಡಿಸಿಕೊಂಡರು ಎಂಬುದೇ ನನ್ನ ಇಂದಿನ ಮಾತಿಗೆ ಕಾರಣ. ಆ ಶೀತದೇಶದಲ್ಲಿ ಗೋಧಿ ವಿರಳ. ಬಾರ್ಲಿ ಮತ್ತು ಓಟ್ಸ್ ಅಲ್ಲಿಯ ಬಡವರ ಧಾನ್ಯಗಳು. ಅವುಗಳಿಂದ ತೆಳುವಾದ ರೊಟ್ಟಿ ಸುಟ್ಟು, ಒಣಗಿಸಿ, ಕಣಜದಲ್ಲಿ ತಿಂಗಳುಗಟ್ಟಲೆ ಇಡುತ್ತಿದ್ದರು. ನಮ್ಮ ಖಡಕ್ ರೊಟ್ಟಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿ ಹುಟ್ಟಿದ ಆಲೂಗಡ್ಡೆ ಹದಿನೆಂಟನೆಯ ಶತಮಾನದಲ್ಲಿ ಅಲ್ಲಿಗೆ ಬಂತು. ಅದನ್ನು ಬೆಳೆಯಿರೆಂದು ಹಳ್ಳಿಯ ಪಾದ್ರಿಗಳೇ ಬೋಧಿಸಿದರು! 1807ರಿಂದ 1814ರವರೆಗಿನ ಯುದ್ಧಕಾಲದಲ್ಲಿ ಬ್ರಿಟಿಷ್ ನೌಕೆಗಳು ಸಮುದ್ರಮಾರ್ಗವನ್ನು ಕಟ್ಟಿ, ಡೆನ್ಮಾರ್ಕಿನ ಧಾನ್ಯ ಬರುವುದು ನಿಂತಾಗ, ಉಪದೇಶಕ್ಕೆ ಒಲಿಯದವರನ್ನು ಹಸಿವು ಒಲಿಸಿತು.

ಬೇಯಿಸಿದ ಗಡ್ಡೆಯನ್ನು ನುಣ್ಣಗೆ ಹಿಸುಕಿ, ಬೆಣ್ಣೆ ಮತ್ತು ಸ್ವಲ್ಪ ಹಿಟ್ಟು ಸೇರಿಸಿ ನಾದುತ್ತಾರೆ. ಗೀರುಗಳುಳ್ಳ ಲಟ್ಟಣಿಗೆಯಿಂದ ಲಟ್ಟಿಸಿ, ವಿಶಾಲವಾದ ಕಾವಲಿಯ ಮೇಲೆ ಹರಡಿ, ಉದ್ದನೆಯ ತೆಳುಗೋಲಿನಿಂದ ಮಗುಚುತ್ತಾರೆ. ಇದೇ ಲೆಫ್ಸೆ. ಬೆಂದ ಗಡ್ಡೆಯ ಪಿಷ್ಟವೇ ಇಲ್ಲಿ ಎಸರಿನ ಕೆಲಸ ಮಾಡುತ್ತದೆ. ಬೆಣ್ಣೆ, ಸಕ್ಕರೆ ಸವರಿ ಮಡಿಚಿ ತಿನ್ನುವುದು ರೂಢಿ. ಹಸಿಮೆಣಸಿನಕಾಯಿ ಖಾರಕ್ಕೆ ಒಗ್ಗಿದ ನಮ್ಮ ನಾಲಿಗೆಗೆ ಅದು ಸಪ್ಪೆಯೆನಿಸೀತು. ಆದರೆ ವಲಸೆ ಹೋಗಿ ಅಮೆರಿಕದಲ್ಲಿ ನೆಲೆಸಿದ ನಾರ್ವೆಯವರ ಮೊಮ್ಮಕ್ಕಳು ತಾಯ್ನುಡಿಯನ್ನು ಮರೆತ ಮೇಲೂ ಕ್ರಿಸ್‌ಮಸ್ಸಿಗೆ ಲೆಫ್ಸೆ ಮಾಡುವುದನ್ನು ಬಿಟ್ಟಿಲ್ಲ. ಪರದೇಶದ ಗಡ್ಡೆಯೊಂದು ಎರಡು ಶತಮಾನಗಳಲ್ಲಿ ಅಜ್ಜಿಯ ಕೈಯಡಿಗೆಯಾದ ಪರಿ ಇದು.

ಸ್ವಿಟ್ಜರ್ಲೆಂಡಿನ ರೋಸ್ಟಿ, ಇಟಲಿಯ ನ್ಯೋಕಿ, ಪೋಲೆಂಡಿನ ಆಲೂಗಡ್ಡೆ ದೋಸೆಗಳೂ ಇದೇ ವಂಶದವು. ಐರ್ಲೆಂಡಿನ ಕಥೆ ಮಾತ್ರ ಬೇರೆ. ಅಲ್ಲಿಯ ಬಡವರು ಬಹುಮಟ್ಟಿಗೆ ಒಂದೇ ತಳಿಯ ಆಲೂಗಡ್ಡೆಯನ್ನು ನಂಬಿದ್ದರು. 1845ರಲ್ಲಿ ಅಂಗಮಾರಿ ರೋಗ ಬಂತು. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವಿನಿಂದಲೂ ರೋಗರುಜಿನಗಳಿಂದಲೂ ಸತ್ತರು.

ಬೀದರದಲ್ಲಿ ಆಲೂಗಡ್ಡೆ ಪಲ್ಯವಾಯಿತು, ಬೋಂಡವಾಯಿತು, ರೊಟ್ಟಿಯಾಗಲಿಲ್ಲ. ಉರ್ದುವಿನ ಆಲೂ, ಮರಾಠಿಯ ಬಟಾಟೆ ಎರಡೂ ಹೆಸರು ನಮ್ಮ ಸಂತೆಯಲ್ಲಿ ಕೇಳಿಬರುತ್ತವೆ, ಆದರೆ ತಾಟಿನ ನಡುವಿನ ಜಾಗವನ್ನು ಜೋಳ ಅದಕ್ಕೆ ಬಿಟ್ಟುಕೊಡಲಿಲ್ಲ. ಬಿಟ್ಟುಕೊಡುವ ಕಾಲ ಬಂದದ್ದು ಬೇರೆ ದಾರಿಯಿಂದ. ಇಂದು ರಾಜ್ಯದಲ್ಲಿ ಸೋಯಾ ಅವರೆಯನ್ನು ಹೆಚ್ಚಾಗಿ ಬೆಳೆಯುವ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಮುಂಗಾರಿಯ ಹೊಲವನ್ನು ಸೋಯಾ, ಹಿಂಗಾರಿಯದನ್ನು ಕಡಲೆ ಆಕ್ರಮಿಸುತ್ತಿವೆ. ರೈತನನ್ನು ದೂರುವುದು ನ್ಯಾಯವಲ್ಲ. ಸೋಯಾ ಬೇಗ ಕೊಯ್ಲಿಗೆ ಬರುತ್ತದೆ, ಕೈಗೆ ನಗದು ತರುತ್ತದೆ. ಆದರೆ ನಾರ್ವೆಗೆ ಬಂದ ಹೊಸ ಬೆಳೆ ಅಡುಗೆಮನೆಯನ್ನು ಹೊಕ್ಕಿತು. ನಮಗೆ ಬಂದದ್ದು ಕಣದಿಂದಲೇ ಲಾರಿಯನ್ನೇರಿ ಎಣ್ಣೆಯ ಗಿರಣಿಗೆ ಹೋಗುತ್ತದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು; ನಗರದವರು ಜೋಳವನ್ನು ಔಷಧಿಯೆಂಬಂತೆ ಕೊಳ್ಳತೊಡಗಿದ್ದಾರೆ. ಅದನ್ನೇ ಹೊಟ್ಟೆತುಂಬ ಉಂಡು ಬೆಳೆದವರ ಮನೆಗೆ ಪಡಿತರದ ಅಕ್ಕಿ ಬರುತ್ತಿದೆ.

ಜೋಳ ಹೋದರೆ ಹೋಗುವುದು ಕಾಳು ಒಂದೇ ಅಲ್ಲ. ದನಗಳಿಗೆ ಕಣಿಕೆ ಹೋಗುತ್ತದೆ, ಎಸರಿನ ಹದವನ್ನು ಬೆರಳಿನಿಂದಲೇ ಅಳೆಯುವ ವಿದ್ಯೆ ಹೋಗುತ್ತದೆ. ಎಳ್ಳ ಅಮಾವಾಸ್ಯೆಯಂದು ನಮ್ಮ ಕಡೆಯವರು ಭಜ್ಜಿ, ಅಂಬಲಿ, ಸಜ್ಜೆಯ ರೊಟ್ಟಿಗಳ ಬುತ್ತಿ ಹೊತ್ತು ಹೊಲಕ್ಕೆ ಹೋಗುತ್ತಾರೆ. ಕಣಿಕೆಯ ಕೊಂಪೆ ಕಟ್ಟಿ, ಅದರೊಳಗೆ ಪಾಂಡವರೆಂದು ಐದು ಕಲ್ಲುಗಳನ್ನಿಟ್ಟು ಪೂಜಿಸಿ, ಹಸಿರಿನ ಮೇಲೆ ಚರಗ ಚೆಲ್ಲುತ್ತಾರೆ. ಸೋಯಾ ಕೊಯ್ಲಾಗಿ ಆ ವೇಳೆಗೆ ಎರಡು ತಿಂಗಳು ಕಳೆದಿರುತ್ತದೆ. ಜೋಳ ಬಿತ್ತದವರು ಕೊಂಪೆಗೆ ಬೇಕಾದ ನಾಲ್ಕು ಸೂಡು ಕಣಿಕೆಯನ್ನು ನೆರೆಹೊಲದವರಲ್ಲಿ ಕೇಳಿ ತರಬೇಕು.